ತಟ್ಟೆಯಲ್ಲಿರುವ ತಾಮ್ರದ ಪುಡಿ

ಮಗಳೇ,

ಕಾರು ಸ್ಟಾರ್ಟ್ ಮಾಡಬೇಡ. ಎಂಜಿನ್ನಿನಲ್ಲಿ ಒಂದು ತೊಟ್ಟೂ ಆಯಿಲ್ ಇಲ್ಲ. ಕೀಲಿ ನನ್ನ ಜೇಬಿನಲ್ಲಿದೆ. ಕೀಲಿಯಿಲ್ಲದೆ ಸ್ಟಾರ್ಟ್ ಮಾಡುವ ವಿದ್ಯೆ ನಿನಗೆ ಕಲಿಸಿದ ಮಹಾನುಭಾವ ನಾನೇ ಆದ್ದರಿಂದ ಬ್ಯಾಟರಿಯನ್ನೂ ಕಳಚಿಟ್ಟಿದ್ದೇನೆ.

"ದೊಡ್ಡ ಟರ್ಬೊ ಹಾಕಿ ಎಂಜಿನ್ ಶಕ್ತಿ ಹೆಚ್ಚಿಸಿದೀವಿ, ಕೆಡೋಕೆ ಮುಂಚೆ ಒಳಗಿನ ಬೇರಿಂಗೂ ಬದಲಿಸೋಣ ಅಪ್ಪಾ" ಅಂತ ನೀನು ಆರು ತಿಂಗಳಿಂದ ಹೇಳುತ್ತಿದ್ದೆ. "ಓಡೋ ಎಂಜಿನ್ ಹೊಟ್ಟೆ ಕೊಯ್ಯೋಕೆ ನಾನೇನು ಕಟುಕನಾ?" ಅಂತ ನಾನು ನಗುತ್ತಿದ್ದೆ. ಆಯಿಲ್ ಬದಲಿಸಿದಾಗಲೆಲ್ಲ ತಳದ ಬೋಲ್ಟಿನ ಅಯಸ್ಕಾಂತವನ್ನು ನಿನ್ನ ಮೂಗಿನ ಮುಂದೆ ಹಿಡಿದು, "ನೋಡು, ಸವೆದ ಲೋಹ ಒಂದು ಚೂರೂ ಅಂಟಿಲ್ಲ" ಅಂತ ಮೆರೆಯುತ್ತಿದ್ದೆ.

ಇವತ್ತು ನಿನ್ನ ಬಾಯಿ ಮುಚ್ಚಿಸೋಣ ಅಂತಲೇ ಆಯಿಲ್ ಫಿಲ್ಟರನ್ನು ಕೊಯ್ದು ನೋಡಿದೆ. ಒಳಗಿನ ಕಾಗದದ ಮಡಿಕೆ ಮಡಿಕೆಯಲ್ಲೂ ತಾಮ್ರದ ಮಿನುಗು, ಬೇರಿಂಗ್ ಸವೆದು ಉದುರಿದ್ದು; ಜೋರಾಗಿ ಒತ್ತಿದರೆ ಎಂಜಿನ್ ಓಟದ ನಡುವೆಯೇ ಒಡೆಯುವ ಸ್ಥಿತಿ. ತಾಮ್ರ ಅಯಸ್ಕಾಂತಕ್ಕೆ ಅಂಟುವುದಿಲ್ಲವೆಂದು ಶಾಲೆಯ ಮಕ್ಕಳಿಗೂ ಗೊತ್ತು. ಮೂವತ್ತು ವರ್ಷ ಗ್ಯಾರೇಜ್ ನಡೆಸಿದವನಿಗೆ ಹೊಳೆದಿರಲಿಲ್ಲ.

ಮೇಜಿನ ಮೇಲಿನ ತಟ್ಟೆಯಲ್ಲಿರುವುದು ಅದೇ ಪುಡಿ. ಚೆಲ್ಲಬೇಡ. ಅಮ್ಮನಿಗೆ ತೋರಿಸಲೂ ಬೇಡ, ಅದು ಅವಳ ಒಳ್ಳೇ ತಟ್ಟೆ.

ಹೊಸ ಬೇರಿಂಗ್ ತರಲು ಹೋಗಿದ್ದೇನೆ. ಭಾನುವಾರದ ರೇಸಿಗೆ ನೀನು ಬರುವುದಿಲ್ಲವೆಂದು ನಾನೇ ಫೋನ್ ಮಾಡಿ ಹೇಳಿದೆ. ಬೈಯುವುದಿದ್ದರೆ ಸಂಜೆ ಬೈ, ಮೊದಲು ತಿಂಡಿ ತಿನ್ನು.

ಕಳೆದ ವಾರ ಟ್ರ್ಯಾಕಿನಲ್ಲಿ "ಏನೋ ಸದ್ದು ಬರ್ತಿದೆ ಅಪ್ಪಾ" ಅಂತ ನೀನು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ, ಪಕ್ಕದಲ್ಲಿ ಕೂತು "ಪುಕ್ಕಲಿ, ಒತ್ತೇ!" ಅಂತ ಕೂಗಿದವನು ನಾನು. ನೀನು ಒತ್ತಲಿಲ್ಲ. ಬೆಳಗಿನಿಂದ ಅದೊಂದೇ ತಲೆಯಲ್ಲಿ ಸುತ್ತುತ್ತಿದೆ.

ಅಪ್ಪ