ಮುಂಬದಿಯ ಒಂಬತ್ತು ಕಿಟಕಿಗಳು

ಹ್ಯಾಲಿಫ್ಯಾಕ್ಸ್
ಮಂಗಳವಾರ, ೧೧ ಜೂನ್ ೧೯೧೮

ಮುದ್ದು ಮ್ಯೂರಿಯಲ್‌ಗೆ ಅಜ್ಜಿಯ ಮುತ್ತುಗಳು.

ಹೇಗಿದ್ದೀಯೆ ಮಗಳೆ? ಕೆಮ್ಮು ಹೋಯಿತೆ? ಫ್ರಾನ್ಸಿನ ಆ ಡೇರೆ ಆಸ್ಪತ್ರೆಯಲ್ಲಿ ಊರವರ ಮಕ್ಕಳ ಗಾಯಕ್ಕೆಲ್ಲ ಪಟ್ಟಿ ಕಟ್ಟುವವಳು ತನ್ನ ಕಾಲುಚೀಲ ಒದ್ದೆಯಾಗಿದ್ದರೆ ನೋಡಿಕೊಳ್ಳುವುದಿಲ್ಲ, ನನಗೆ ಗೊತ್ತು. ನನ್ನ ಮೊಣಕಾಲು ಎಂದಿನಂತೆ ಗೊಣಗುತ್ತಿದೆ. ಎಪ್ಪತ್ತಾರು ವರ್ಷ ದುಡಿದ ಮೊಣಕಾಲು ಗೊಣಗದೆ ಹಾಡು ಹೇಳುತ್ತದೆಯೆ? ನಿನ್ನ ಅಮ್ಮ ಓಡಾಡುತ್ತಿದ್ದಾಳೆ, ತಟ್ಟೆಗೆ ಹಾಕಿದ್ದರಲ್ಲಿ ಅರ್ಧ ತಿನ್ನುತ್ತಿದ್ದಾಳೆ. ಅವಳ ವಿಷಯ ಮುಂದೆ ಬರೆಯುತ್ತೇನೆ.

ಡೇರೆಯಲ್ಲಿ ಮಲಗುವಾಗ ಮನೆಯ ಒಂದೊಂದೇ ಕೋಣೆಯನ್ನು ನೆನೆಸಿಕೊಳ್ಳುತ್ತೇನೆ, ಅದರ ಕಥೆ ಬರೆ ಎಂದು ಕೇಳಿದ್ದೆಯಲ್ಲ. ಕಥೆಯೆಂದರೆ ನನ್ನ ಮಾವನವರು ಜೇಬೆಜ್ ಹೋಲ್ರಾಯ್ಡ್ ಅವರ ಹಟದ ಕಥೆ. ಉಣ್ಣೆ ವ್ಯಾಪಾರದಲ್ಲಿ ಕೈತುಂಬಾ ಸಂಪಾದಿಸಿದ ಮೇಲೆ ಗುಡ್ಡದ ಮೇಲೆ ಊರಿಗೆಲ್ಲ ಕಾಣುವ ಹಾಗೆ ಮನೆ ಕಟ್ಟಿಸಿದರು. ನಾನು ಮದುವೆಯಾಗಿ ಬಂದದ್ದು ೧೮೬೭ರಲ್ಲಿ. ಗಾರೆ ಇನ್ನೂ ಹಸಿಯಾಗಿತ್ತು. ಮುಂದಿನ ಗೋಡೆಗೆ ನುಣ್ಣಗೆ ಕೆತ್ತಿದ ಕಲ್ಲು, ಹಿಂದಿನದಕ್ಕೆ ಒಡೆದ ಹಾಗೆಯೇ ಇಟ್ಟ ಕಲ್ಲು. ಹೀಗೇಕೆ ಎಂದು ಕೇಳಿದ್ದಕ್ಕೆ, "ಬರೋ ಜನ ನೋಡೋದು ಮುಖಾನ ಕಣಮ್ಮ, ಬೆನ್ನನ್ನಲ್ಲ" ಎಂದಿದ್ದರು. ಮೇಲೆ ಥಳುಕು, ಒಳಗೆ ಹುಳುಕು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಹೊಸ ಸೊಸೆ, ಬಾಯಿ ಬಿಡುವ ಹಾಗಿರಲಿಲ್ಲ. ನಕ್ಷೆ ಬರೆದವನು ಸ್ನಾನದ ಕೋಣೆ ಬೇಕೆಂದ. ಮಾವನವರು ಗೋಪುರ ಬೇಕೆಂದರು. ಗೋಪುರ ಎದ್ದಿತು, ಅದನ್ನು ಹತ್ತಲು ಮೆಟ್ಟಿಲು ಇಡುವುದು ಮಾತ್ರ ಇಬ್ಬರಿಗೂ ಮರೆತುಹೋಯಿತು! ಐವತ್ತು ವರ್ಷದಿಂದ ಅಲ್ಲಿ ಪಾರಿವಾಳಗಳದೇ ಯಜಮಾನಿಕೆ.

ಮನೆಯವರಿಗೆ ಬಣ್ಣದ ಗಾಜಿನ ಕಿಟಕಿಯಿರುವ ಅಗಲವಾದ ಮೆಟ್ಟಿಲು. ಕೆಲಸದವರಿಗೆ ಹಿಂದುಗಡೆ ಒಬ್ಬರೇ ಹಿಡಿಸುವ ಕತ್ತಲೆ ಮೆಟ್ಟಿಲು. ಟ್ಯಾಬಿತಾ ಇಪ್ಪತ್ತೆರಡು ವರ್ಷ ಆ ಮೆಟ್ಟಿಲಲ್ಲೇ ಕಲ್ಲಿದ್ದಲು ಹೊತ್ತಳು. ಅಡುಗೆಮನೆಯ ಗೋಡೆಯಲ್ಲಿ ಕೋಣೆಗೊಂದರಂತೆ ತೂಗುವ ಗಂಟೆಗಳಿವೆಯಲ್ಲ, ಒಂದು ಭಾನುವಾರ ನೀನೂ ನಿನ್ನ ಅಣ್ಣನೂ ಓಡಾಡಿ ಎಲ್ಲ ಕೋಣೆಯ ಹಗ್ಗವನ್ನೂ ಎಳೆದಿರಿ. ಪಾಪ, ಅವಳು ಮೂರು ಅಂತಸ್ತು ಹತ್ತಿ ಇಳಿದು ಏದುಸಿರು ಬಿಟ್ಟಳು. ಬೈಸಿಕೊಳ್ಳಲು ನಿಂತಾಗ ಲಯನೆಲ್, "ತಂಗಿ ಏನೂ ಮಾಡ್ಲಿಲ್ಲ ಅಜ್ಜಿ, ಎಲ್ಲಾ ನಾನೇ" ಎಂದ. ನಿನ್ನ ಕೈಯಲ್ಲಿ ಹಗ್ಗದ ಗುರುತು ಕೆಂಪಗೆ ಕಾಣುತ್ತಿತ್ತು. ಆಗ ಅವನಿಗೆ ಎಂಟು ವರ್ಷ.

ಇನ್ನು ಮುಂಬದಿಯ ಒಂಬತ್ತು ಕಿಟಕಿಗಳು. ಒಂದೊಂದಕ್ಕೂ ಬಿಳಿ ಬಟ್ಟೆಯ ಸುರುಳಿ ಪರದೆ ಹಾಕಿಸಿದವರು ನನ್ನ ಅತ್ತೆ. ಅವುಗಳ ಕಟ್ಟಳೆ ನಿನಗೂ ಗೊತ್ತು: ಬಿಸಿಲಿಗೆ ಅರ್ಧ, ಸಾವಿಗೆ ಪೂರ್ತಿ. ನಿನ್ನ ತಾತ ಹೋದಾಗ ಒಂಬತ್ತನ್ನೂ ನಾನು ಇಳಿಸಿದೆ. ನಿನ್ನ ಅಪ್ಪ ಹೋದಾಗಲೂ ನಾನೇ, ಹೆತ್ತ ಮಗನಿಗೆ. ಇಲ್ಲಿ ಇಳಿದರೆ ಬೀದಿಯ ಮನೆಗಳೆಲ್ಲ ಇಳಿಸುತ್ತವೆ. ಯಾರೂ ಯಾರನ್ನೂ ಏನೂ ಕೇಳಬೇಕಾಗಿಲ್ಲ. ಲಯನೆಲ್ ಕಾಣೆಯಾಗಿದ್ದಾನೆಂದು ಅಕ್ಟೋಬರಿನಲ್ಲಿ ತಂತಿ ಬಂದ ದಿನದಿಂದ ನಿನ್ನ ಅಮ್ಮ ಬಿಸಿಲಿಗೂ ಪರದೆ ಮುಟ್ಟಲು ಬಿಟ್ಟಿಲ್ಲ. ಅವನು ಜರ್ಮನರ ಸೆರೆಯಲ್ಲಿದ್ದಾನೆ ಎನ್ನುತ್ತಾಳೆ. ಪ್ರತಿ ಶುಕ್ರವಾರ ಅವನ ಹಾಸಿಗೆ ಬಿಸಿಲಿಗೆ ಹಾಕುತ್ತಾಳೆ. ಸೆರೆಯಾಳುಗಳಿಗೆ ಕಳಿಸುವ ಡಬ್ಬಿಗಾಗಿ ತನ್ನ ಪಾಲಿನ ಸಕ್ಕರೆ ಕೂಡಿಡುತ್ತಾಳೆ. ವಿಳಾಸವೇ ಇಲ್ಲದ ಡಬ್ಬಿಗಳು ಮೂರಾಗಿವೆ.

ಕಳೆದ ಗುರುವಾರ ಅವಳು ಪಡಿತರ ಮಾಂಸದ ಸರದಿಯಲ್ಲಿ ನಿಲ್ಲಲು ಹೋಗಿದ್ದಳು. ಟ್ಯಾಬಿತಾ ಒಂಬತ್ತು ಪರದೆಗಳನ್ನೂ ಪೂರ್ತಿ ಇಳಿಸಿಬಿಟ್ಟಳು. ಕಾರ್ಪೆಟ್ಟಿನ ಬಣ್ಣ ಬಿಸಿಲಿಗೆ ಹೋಗುತ್ತದಂತೆ. ಅರ್ಧ ಗಂಟೆಯೊಳಗೆ ಬೀದಿಯ ಎರಡೂ ಸಾಲಿನ ಮನೆಗಳು ಪರದೆ ಇಳಿಸಿದವು. ಎದುರುಮನೆಯ ಆ್ಯಕ್‌ರಾಯ್ಡ್ ಅಮ್ಮ ತನ್ನ ಮನೆಯ ವಾರದ ಹಂದಿಮಾಂಸವನ್ನೆಲ್ಲ ಬೇಯಿಸಿ ತಟ್ಟೆಯಲ್ಲಿಟ್ಟುಕೊಂಡು ಬಂದರು. ನಮ್ಮ ಊರಿನವರು ಗೊತ್ತಲ್ಲ, ಹಂದಿಮಾಂಸ ಬಡಿಸದೆ ಯಾರನ್ನೂ ಮಣ್ಣು ಮಾಡುವುದಿಲ್ಲ. ನಿನ್ನ ಅಮ್ಮ ಗುಡ್ಡದ ತಿರುವಿನಲ್ಲಿ ಮನೆ ನೋಡಿದವಳೇ ಚೀಲ ಅಲ್ಲಿಯೇ ಬಿಟ್ಟು ಓಡಿಬಂದಳು. "ತಂತಿ ಎಲ್ಲಿ? ಕೊಡಿ. ನಾನ್ ಓದ್ಬೇಕು, ಕೊಡಿ!" ಎಂದು ಆ ಹೆಂಗಸಿನ ತೋಳು ಹಿಡಿದು ಅಲುಗಿಸಿದಳು. ತಂತಿ ಇಲ್ಲವೆಂದು ತಿಳಿದ ಮೇಲೆ ಒಬ್ಬಳೇ ಒಂಬತ್ತನ್ನೂ ಮೇಲಕ್ಕೆ ಸುತ್ತಿದಳು.

ಎಲ್ಲರೂ ಹೋದ ಮೇಲೆ ಮೆಟ್ಟಿಲ ಮೇಲೆ ನನ್ನ ಪಕ್ಕ ಕುಳಿತು ಒಂದು ಮಾತು ಹೇಳಿದಳು. ನಿನಗಲ್ಲದೆ ಯಾರಿಗೂ ಬರೆಯಲಾರೆ. "ಅತ್ತೆ, ಪರ್ದೆ ನೋಡ್ದಾಗ ಎದೆ ಒಡೀತು ನಿಜ. ಆದ್ರೆ ಅದಕ್ಕೂ ಮುಂಚೆ ಒಂದು ಗಳಿಗೆ ಹಗುರ ಆಯ್ತು. ಸದ್ಯ, ಮುಗೀತಲ್ಲ ಅನ್ನಿಸ್ತು. ಹೆತ್ತ ತಾಯಿಗೆ ಹಂಗನ್ನಿಸ್ಬೋದಾ?" ನಾನು ಅವಳ ತಲೆ ನೇವರಿಸಿದೆ, ಅಷ್ಟೆ. ಆ ಗಳಿಗೆಗೆ ಶಿಕ್ಷೆಯೆಂಬಂತೆ ಈಗ ಇನ್ನೂ ಬಿಗಿಯಾಗಿ ಕಾಯುತ್ತಿದ್ದಾಳೆ. ಬಾಗಿಲು ಬಡಿದ ಸದ್ದಾದರೆ ನನಗಿಂತ ಮೊದಲು ಓಡುತ್ತಾಳೆ. ಶನಿವಾರ ಟ್ಯಾಬಿತಾಳನ್ನು ಕೆಲಸದಿಂದ ಬಿಡಿಸಿದಳು. ಅವಳು ಎದುರು ಮಾತಾಡದೆ ಪೆಟ್ಟಿಗೆ ಕಟ್ಟಿಕೊಂಡು ಸೋವರ್ಬಿ ಬ್ರಿಡ್ಜಿನಲ್ಲಿರುವ ತಂಗಿಯ ಮನೆಗೆ ಹೋದಳು. ಹೋಗುವಾಗ, "ನಿಮ್ ಮೊಣಕಾಲಿಗೆ ಎಣ್ಣೆ ಹಚ್ಚೋದು ಮರೀಬೇಡಿ ದೊಡ್ಡಮ್ಮಾವ್ರೆ" ಎಂದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಮೈ ಕಡೆ ಜೋಪಾನ. ದೇವರು ನಿನ್ನನ್ನೂ ನಿನ್ನ ಕೈಕೆಳಗೆ ಮಲಗಿರುವ ಮಕ್ಕಳನ್ನೂ ಕಾಯಲಿ. ಅಮ್ಮ ಪ್ರೀತಿ ತಿಳಿಸಿದ್ದಾಳೆ.

ನಿನ್ನ ಅಜ್ಜಿ,
ಹೆಸ್ಟರ್ ಹೋಲ್ರಾಯ್ಡ್

ತಾ.ಕ. ಅಂಚೆಯವನು ಬರುವ ಹೊತ್ತಾಯಿತು, ಮೊದಲಿನಿಂದ ಮತ್ತೆ ಬರೆಯಲು ಕಾಗದವಿಲ್ಲ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಇಪ್ಪತ್ತೆರಡು ವರ್ಷ ಈ ಮನೆಯಲ್ಲಿದ್ದವಳಿಗೆ ಪರದೆಯ ಕಟ್ಟಳೆ ಗೊತ್ತಿಲ್ಲದೆ ಇರುತ್ತದೆಯೆ? ಇಳಿಸಿದವಳು ನಾನು. ನಿನ್ನ ಅಮ್ಮ ಕಿರುಚಿದ್ದು ಕೇಳಿ ನನ್ನ ನಾಲಗೆ ಬಿದ್ದುಹೋಯಿತು. ಟ್ಯಾಬಿತಾ ನನ್ನ ಮುಖ ನೋಡಿ, "ನಾನೇ ಇಳಿಸ್ದೆ ಅಮ್ಮಾವ್ರೆ" ಎಂದಳು, ಅವಳು ಹಾಗೆ ಹೇಳಲೆಂದು ನಾನು ಬಿಟ್ಟೆ. ಅಂದು ಬೆಳಿಗ್ಗೆ ಲೀಡ್ಸ್‌ನ ಆಸ್ಪತ್ರೆಯಲ್ಲಿರುವ ಒಬ್ಬ ಸಾರ್ಜೆಂಟನ ಪತ್ರ ಬಂದಿತ್ತು. ಇಷ್ಟು ದಿನ ಅವನಿಗೆ ಬರೆಯಲು ಕೈ ಎತ್ತಲಾಗುತ್ತಿರಲಿಲ್ಲವಂತೆ. ನಿನ್ನ ಅಣ್ಣ ಅವನ ತೊಡೆಯ ಮೇಲೆಯೇ ಹೋದ, ಮ್ಯೂರಿಯಲ್. ಕಣ್ಣು ಮುಚ್ಚಿಸಿದವನು ಅವನೇ. ಪತ್ರ ನನ್ನ ಹೆಸರಿಗೆ ಬರೆದದ್ದಕ್ಕೆ ಕಾರಣವಿದೆ. "ಅಮ್ಮಂಗೆ ಬರೀಬೇಡ, ಅಜ್ಜಿಗೆ ಬರಿ. ಅಮ್ಮಂಗೆ ಹೆಂಗೆ ಹೇಳ್ಬೇಕು ಅಂತ ಅಜ್ಜಿಗೆ ಗೊತ್ತು" ಎಂದು ಲಯನೆಲ್ ಅವನಿಗೆ ಹೇಳಿದನಂತೆ. ನನಗೆ ಗೊತ್ತಿಲ್ಲ ಮಗಳೆ. ರಜೆ ಕೇಳಿಕೊಂಡು ಬಾ.