ಕೊಳದ ತಳದಲ್ಲಿ ಸಿಕ್ಕಿದ್ದು

ಮಾರ್ಚ್ 3, ಸೋಮವಾರ

ಇವತ್ತೂ ಪಾಠ. ಈ ಅಣು ವಿದ್ಯುತ್ ಸ್ಥಾವರದಲ್ಲಿ ನೀರಿಗಿಳಿಯೋಕೆ ಬಂದವನನ್ನ ಒಂದು ವಾರದಿಂದ ಬೆಂಚಿನ ಮೇಲೆ ಕೂರಿಸಿದಾರೆ. ಸೇತುವೆ ಕಂಬ, ಅಣೆಕಟ್ಟಿನ ಬಾಗಿಲು, ಹಡಗಿನ ಹೊಟ್ಟೆ — ಎಲ್ಲೆಲ್ಲೋ ಮುಳುಗಿ ಕೆಲಸ ಮಾಡಿದೀನಿ, ಯಾರೂ ಕೈಗೆ ಸ್ಲೇಟು ಕೊಟ್ಟಿರಲಿಲ್ಲ.

ಮೇಷ್ಟ್ರು ಮಾತ್ರ ಚೆನ್ನಾಗಿ ಹೇಳ್ತಾರೆ. ಯುರೇನಿಯಂ ಪರಮಾಣುಗೆ ಒಂದು ನ್ಯೂಟ್ರಾನ್ ಬಡಿದ್ರೆ ಅದು ಒಡೆಯುತ್ತೆ. ಬಿಸಿ ಹುಟ್ಟುತ್ತೆ. ಜೊತೆಗೆ ಇನ್ನೆರಡು ಮೂರು ನ್ಯೂಟ್ರಾನ್ ಹಾರುತ್ತವೆ, ಅವು ಪಕ್ಕದ್ದಕ್ಕೆ ಬಡೀತವೆ... ಹಾಗೇ ಸರಪಳಿ. ಕೈಮೀರದ ಹಾಗೆ ನಡುವೆ ಸರಳು ಇಳಿಸ್ತಾರೆ, ಹೆಚ್ಚಾದ ನ್ಯೂಟ್ರಾನ್ ಅವು ನುಂಗ್ತವೆ. ಬಿಸಿಗೆ ನೀರು ಹಬೆಯಾಗಿ ಚಕ್ರ ತಿರುಗಿಸುತ್ತೆ. ಕರೆಂಟು.

ಭಾಮೈದ ಕೈಯೆತ್ತಿದ. "ಅಂದ್ರೆ ಸಾರ್, ಇಷ್ಟೆಲ್ಲ ರಾದ್ಧಾಂತ ಬರೀ ನೀರು ಕಾಯಿಸೋಕಾ?"

"ಹೂಂ ಕಣಯ್ಯ. ನೀರು ಕಾಯಿಸೋಕೇ."

ಕ್ಲಾಸೆಲ್ಲ ನಕ್ಕಿತು. ಇವಳ, ಅಂದ್ರೆ ನನ್ನ ಹೆಂಡತಿಯ, ತಮ್ಮ ಅವನು. ನಾನು ಕೆಳಗಿದ್ದಾಗ ಮೇಲೆ ನಿಂತು ಗಾಳಿ ಪೈಪು, ಹಗ್ಗ ಹಿಡಿಯೋನು. ಬಾಯಿ ಜಾಸ್ತಿ, ಕೈ ಗಟ್ಟಿ. ಅವನ ಕೈಲಿ ಉಸಿರು ಕೊಟ್ಟು ಇಳಿಯೋದು ನಂಗೆ ರೂಢಿ.

ನಂಗೆ ನಗು ಬರಲಿಲ್ಲ. ಉರಿದು ಮುಗಿದ ಇಂಧನ ಹೊರಗೆ ತೆಗೆದ ಮೇಲೂ ವರ್ಷಗಟ್ಟಲೆ ಬಿಸಿ ಇರುತ್ತಂತೆ. ಅದನ್ನೇ ಕೊಳದಲ್ಲಿ ಮುಳುಗಿಸಿಟ್ಟಿದಾರೆ. ನಾನು ಇಳೀಬೇಕಾದ್ದು ಆ ಕೊಳಕ್ಕೇ.

ಮಾರ್ಚ್ 5, ಬುಧವಾರ

ಇಳಿದೆ.

ಜನ್ಮದಲ್ಲಿ ಇಂಥ ತಿಳಿನೀರು ಕಂಡಿಲ್ಲ. ನಾನು ಕೆಸರಲ್ಲಿ ಕೆಲಸ ಕಲಿತವನು. ಅಲ್ಲಿ ಕಣ್ಣು ಇದ್ದೂ ಇಲ್ಲದ ಹಾಗೆ, ಕೈಯೇ ಕಣ್ಣು. ಇಲ್ಲಿ ತಳದ ಪ್ರತಿ ಮೊಳೆಯೂ ಕಾಣುತ್ತೆ. ಆಚೆ ತುದಿಯಲ್ಲಿ, ಇಂಧನ ನಿಲ್ಲಿಸಿರೋ ಕಡೆ, ನೀಲಿ ಬೆಳಕು. ಚೆಂದ ಅಂದ್ರೆ ಚೆಂದ. ನೋಡ್ತಾ ನಿಂತೆ, ಆಮೇಲೆ ಅದಕ್ಕೆ ಬೆನ್ನು ಮಾಡಿದೆ.

ಮೇಲೆ ಕೊಳದ ಕಂಬಿ ಹತ್ತಿರ ಮೀಟರ್ ಮೇಡಂ ಕೂತಿರ್ತಾರೆ. ನನ್ನ ಎದೆ, ಬೆನ್ನು, ಮಣಿಕಟ್ಟಿಗೆಲ್ಲ ಕಟ್ಟಿರೋ ವಿಕಿರಣ ಮೀಟರಿನ ಲೆಕ್ಕ ಅವರ ಪರದೆ ಮೇಲೆ ಬರುತ್ತೆ. ಬಲಗೈ ಬೆರಳಿಗೆ ಒಂದು ಉಂಗುರ ಬೇರೆ. ಅದರ ಲೆಕ್ಕ ಮಾತ್ರ ಆಮೇಲೆ ಲ್ಯಾಬಿಗೆ ಕಳಿಸಿ ನೋಡೋದು.

ಇಳಿಯೋ ಮುಂಚೆ ಅವರು ಹೇಳಿದ್ದು: "ನೀರೇ ನಿಮ್ಮ ಗೋಡೆ. ನೀರಲ್ಲಿ ಗಡಿಗೆ ಹಗ್ಗ ಕಟ್ಟಿರೋದರ ಈಚೆ ಇದ್ದರೆ ಮನೆಯಲ್ಲಿ ಇದ್ದಷ್ಟೇ ಕ್ಷೇಮ. ಆಚೆ ಹೋದರೆ ನಾನು ಕೂಗೋಷ್ಟೂ ಪುರುಸೊತ್ತು ಇರಲ್ಲ."

ಕೆಲಸ ಸಣ್ಣದು. ಎರಡು ಕೊಳದ ನಡುವಿನ ಬಾಗಿಲಿಗೆ ಹೊಸ ರಬ್ಬರು, ಹೊಸ ಬೋಲ್ಟು. ನೆಲದ ಮೇಲಾಗಿದ್ರೆ ಅರ್ಧ ದಿನದ್ದು.

ಮಾರ್ಚ್ 7, ಶುಕ್ರವಾರ

ಬರೀಲೇಬೇಕು, ಇಲ್ಲದಿದ್ರೆ ತಲೆ ಸಿಡಿಯುತ್ತೆ.

ಬೋಲ್ಟು ಬಿಚ್ಚಿ ಬಿಚ್ಚಿ ಬುಟ್ಟಿಗೆ ಹಾಕ್ತಾ ಇದ್ದೆ. ಬಾಗಿಲ ಬುಡದ ಸಂದಿಯಲ್ಲಿ ಒಂದು ತುಂಡು. ಬೆರಳುದ್ದ, ಪೆನ್ಸಿಲ್ ದಪ್ಪ. ನೀರಿಗಿಳಿಯೋರ ಕೈ ಹಾಗೇನೇ — ತಳದಲ್ಲಿ ಬಿದ್ದಿದ್ದು ಕಂಡರೆ ಎತ್ತಿಬಿಡುತ್ತೆ, ಯಜಮಾನನನ್ನ ಕೇಳಲ್ಲ. ಹಗ್ಗದ ಈಚೆ ಬೇರೆ ಇತ್ತು. ಎತ್ತಿದೆ.

ಕಿವಿಯ ಫೋನಲ್ಲಿ ಮೇಡಂ ಕಿರುಚಿದರು. "ಕೈಯಲ್ಲೇನಿದೆ? ಬಿಡಿ! ಬಿಡಿ ಅದನ್ನ!"

ಬಿಟ್ಟೆನಾ? ಇಲ್ಲ. ಏನು ಕೇಳ್ತಿದಾರೆ ಅಂತ ಬೆರಳಲ್ಲಿ ತಿರುಗಿಸಿ ನೋಡಿದೆ. ಥೂ, ನನ್ನ ಬುದ್ಧಿಗಿಷ್ಟು! ಆಮೇಲೆ ಬಿಟ್ಟೆ. ಅಷ್ಟರಲ್ಲಿ ಭಾಮೈದ ದರದರ ಅಂತ ಎಳೀತಾ ಇದ್ದ.

ಮೇಲೆ ಸೂಟು ತೊಳೆದರು, ಬಿಚ್ಚಿದರು, ಕೈಗೆ ಮೀಟರ್ ಹಿಡಿದರು. ಸದ್ದಿಲ್ಲ. "ಏನೂ ಇಲ್ಲ ಅಲ್ವಾ ಮೇಡಂ?" ಅಂದೆ. ಅವರು ನನ್ನ ಮುಖ ನೋಡಲಿಲ್ಲ.

"ಏನೂ ಅಂಟಿಲ್ಲ ಅಷ್ಟೇ. ಮೈ ಹಾದು ಹೋದ ಕಿರಣಕ್ಕೆ ಮೀಟರ್ ಸದ್ದು ಮಾಡಲ್ಲ."

ಅದು ರಿಯಾಕ್ಟರ್ ಒಳಗೇ ಇದ್ದ ಯಾವುದೋ ಕೊಳವೆಯ ಚೂರಂತೆ. ವರ್ಷಗಟ್ಟಲೆ ನ್ಯೂಟ್ರಾನ್ ತಿಂದು ತಿಂದು ಅದೇ ಕೆಂಡ ಆಗಿದೆ, ಕಣ್ಣಿಗೆ ಕಾಣದ ಕೆಂಡ. ತಳ ತಪಾಸಣೆ ಮಾಡಿದೋರಿಗೆ ಸಂದಿ ಕಂಡಿಲ್ಲ. ನೀರು ಮೈಯನ್ನ ಕಾಪಾಡಿತು. ಹಿಡ್ಕೊಂಡಿದ್ದ ಬೆರಳಿಗೂ ಚೂರಿಗೂ ನಡುವೆ ಗ್ಲೌಸ್ ಬಿಟ್ಟು ಬೇರೇನಿತ್ತು?

ಎಷ್ಟು ಹೊತ್ತು ಹಿಡ್ಕೊಂಡಿದ್ದೆ ಅಂತ ಡಾಕ್ಟರ್ ಕೇಳಿದರು. ಶರ್ಟಿಗೆ ಎರಡು ಗುಂಡಿ ಹಾಕೋಷ್ಟು ಹೊತ್ತು ಅಂದೆ. ಬರ್ಕೊಂಡರು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಬಲಗೈ.

"ಈಗ ಏನೂ ಕಾಣಲ್ಲ. ಕಾಣೋದಾದ್ರೆ ಎರಡು ಮೂರು ವಾರ ಬಿಟ್ಟು. ಮೊದಲು ಕೆಂಪಾಗುತ್ತೆ. ಕೆಂಪಾದ ದಿನವೇ ಬಂದುಬಿಡಿ."

"ಆಗದಿದ್ರೆ?"

"ಆಗದಿದ್ರೆ ನಿಮ್ಮ ಪುಣ್ಯ."

ಮಾರ್ಚ್ 8, ಶನಿವಾರ

ರಜೆ ಕೊಟ್ಟು ಮನೆಗೆ ಕಳಿಸಿದರು. ಮಗಳು ಇಲಿಮರಿ ಓಡಿ ಬಂದಳು. ನಾಲ್ಕು ತುಂಬಿಲ್ಲ, ಸಿಕ್ಕಿದ್ದೆಲ್ಲ ಕಡೀತಾಳೆ ಅಂತ ಆ ಹೆಸರು ನಾನೇ ಇಟ್ಟಿದ್ದು. "ಅಪ್ಪಾ ಎತ್ಕೋ!" ಬಲಗೈ ಬೆನ್ನ ಹಿಂದೆ ಇಟ್ಕೊಂಡೆ. ಅಪ್ಪನಿಗೆ ನೆಗಡಿ ಅಂದೆ.

ನೆಗಡಿ ಬಂದರೆ ಕೈ ಯಾಕೆ ಬಚ್ಚಿಡ್ತಾರೆ ಅಂತ ಹೆಂಡತಿ ನೋಡಿದಳು, ಮಗೂನ ಎತ್ಕೊಂಡು ಒಳಗೆ ಹೋದಳು.

ಅನ್ನ ಕಲಸೋಕೂ ಧೈರ್ಯ ಬರ್ತಿಲ್ಲ, ಚಮಚ ತಗೊಂಡೆ. ನನ್ನ ಕೈ ನನಗೇ ಬೇರೆಯೋರದ್ದು ಆಗಿದೆ.

ಮಾರ್ಚ್ 10, ಸೋಮವಾರ

ಭಾಮೈದ ಬಂದು ಬಾಯಿಬಿಟ್ಟ. ಅವನ ಹೊಟ್ಟೆಯಲ್ಲಿ ನೀರು ನಿಂತರೂ ಮಾತು ನಿಲ್ಲಲ್ಲ.

ಇವಳು ಮೊದಲು ಬೈದಳು. "ಬಿದ್ದಿದ್ದನ್ನೆಲ್ಲ ಎತ್ತೋಕೆ ಅದೇನು ನಿಮ್ಮಪ್ಪನ ಮನೆ ಅಂಗಳಾನಾ? ಮನೇಲಿ ಕೆಳಗೆ ಬಿದ್ದ ಟವೆಲ್ ಎತ್ತಿದೋರಲ್ಲ, ಅಲ್ಲಿ ಹೋಗಿ ಕೆಂಡ ಎತ್ತಿದ್ರಾ?" ತಮ್ಮನಿಗೂ ಬಿತ್ತು. "ನೀನೇನೋ ಮಾಡ್ತಿದ್ದೆ ಮೇಲೆ, ಹಗ್ಗ ಹಿಡ್ಕೊಂಡು ತೂಕಡಿಸ್ತಿದ್ಯಾ?"

"ಅಕ್ಕಾ, ನಾನೇ ಎಳೆದಿದ್ದು ಕಣೇ..."

ಆಮೇಲೆ ಸೆರಗು ಬಾಯಿಗೆ ಒತ್ಕೊಂಡು ಅತ್ತಳು. ಇವಳು ಬೈತಾ ಇದ್ದಾಗಲೇ ವಾಸಿ ಇತ್ತು.

ಮಾರ್ಚ್ 11, ಮಂಗಳವಾರ

ಇವಳೇ ಮೀಟರ್ ಮೇಡಂಗೆ ಫೋನ್ ಮಾಡಿದಳು, ಸ್ಪೀಕರ್ ಹಾಕಿ. ಮಗು ಮುಟ್ಟಬಹುದಾ ಅಂತ.

"ಧಾರಾಳವಾಗಿ ಮುಟ್ಟಲಿ ಅಮ್ಮಾ. ಬಿಸಿಲಲ್ಲಿ ನಿಂತು ಬಂದವರ ಮೈ ಸುಟ್ಟಿರಬಹುದು, ಅಂತ ಅವರೇ ಬಿಸಿಲು ಕಾರ್ತಾರಾ? ಅವರ ಕೈಯಿಂದ ಯಾರಿಗೂ ಏನೂ ಬರಲ್ಲ."

"ಕೇಳಿಸ್ತಾ?" ಅಂದಳು ಇವಳು.

ಕೇಳಿಸ್ತು. ಬುದ್ಧಿಗೆ ಹೋಯ್ತು, ಕೈಗೆ ಹೋಗಲಿಲ್ಲ. ಮಗು ಹತ್ತಿರ ಬಂದ್ರೆ ಸಾಕು, ತಾನಾಗೇ ಬೆನ್ನ ಹಿಂದೆ ಹೋಗಿಬಿಡುತ್ತೆ. ಇಲಿಮರಿ ಈಗ ಕೇಳೋದೂ ಬಿಟ್ಟಿದಾಳೆ. ಅಪ್ಪ ಎತ್ಕೊಳಲ್ಲ ಅಂತ ಬೊಂಬೆಗೆ ಹೇಳ್ತಾ ಇದ್ದಳು.

ಮಾರ್ಚ್ 14, ಶುಕ್ರವಾರ

ಉಂಗುರದ ಲೆಕ್ಕ ಬಂತು. ಜಾಸ್ತಿನೇ ಇದೆ. ಆದರೆ ಡಾಕ್ಟರ್ ಅದನ್ನೂ ನಂಬಲ್ಲ. ಉಂಗುರ ಇದ್ದಿದ್ದು ಬೆರಳ ಬುಡದಲ್ಲಿ, ಚೂರು ತಾಗಿದ್ದು ತುದಿಗೆ. ತುದಿಯ ಲೆಕ್ಕ ಚರ್ಮವೇ ಹೇಳಬೇಕಂತೆ.

ಕೆಂಪಾದ ಮೇಲೇನು ಅಂತ ಕೇಳಿದೆ. ಅಲ್ಲಿಗೇ ನಿಂತರೂ ನಿಲ್ಲಬಹುದು. ಇಲ್ಲಾಂದ್ರೆ ಗುಳ್ಳೆ. ಗುಳ್ಳೆ ಒಡೆದು ಮಾಯದೇ ಇದ್ರೆ... "ಆಮೇಲಿಂದು ಆಮೇಲೆ ನೋಡೋಣ." ಬೆರಳು ತೆಗೀಬೇಕಾಗುತ್ತೆ ಅಂತ ನನಗೇ ಹೊಳೀತು. ಬೆರಳಿಲ್ಲದ ಮುಳುಗುಗಾರ ಯಾರಿಗೆ ಬೇಕು?

ಕಿಟಕಿ ಹತ್ತಿರ ಕೂತು ಎರಡೂ ಕೈ ಪಕ್ಕಪಕ್ಕ ಇಟ್ಟು ನೋಡ್ತೀನಿ. ನೋಡಿ ನೋಡಿ ಎರಡೂ ಕೆಂಪಾಗೇ ಕಾಣ್ತವೆ. ಇವಳು ಬಂದು ಕಿಟಕಿ ಪರದೆ ಎಳೆದು ಹೋದಳು.

ಮಾರ್ಚ್ 18, ಮಂಗಳವಾರ

ಏನೂ ಇಲ್ಲ.

ಭಾಮೈದ ಬಂದಿದ್ದ. "ಭಾವ, ನಿಮ್ಮದು ಎಮ್ಮೆ ಚರ್ಮ. ನ್ಯೂಟ್ರಾನೇ ಹೆದರಿ ವಾಪಸ್ ಹೋಗಿರುತ್ತೆ."

"ನಂಗೆ ಬಡಿದಿದ್ದು ನ್ಯೂಟ್ರಾನ್ ಅಲ್ವೋ ದಡ್ಡ, ಗಾಮಾ ಕಿರಣ. ಮೇಷ್ಟ್ರು ಹೇಳುವಾಗ ಎಲ್ಲಿ ನೋಡ್ತಿದ್ದೆ?"

ಎಲ್ಲರೂ ನಕ್ಕೆವು. ಎಷ್ಟು ದಿನ ಆಗಿತ್ತು ಈ ಮನೇಲಿ ನಕ್ಕು. ಇವಳು ಮಗೂನ ಮೆಲ್ಲಗೆ ನನ್ನ ಕಡೆ ತಳ್ಳಿದಳು. ಎಡಗೈಲಿ ತಲೆ ಸವರಿದೆ. ಅಷ್ಟೇ ಆಯ್ತು ನನ್ನಿಂದ.

ಮಾರ್ಚ್ 23, ಭಾನುವಾರ, ಮಧ್ಯಾಹ್ನ

ಎಡಗೈಲಿ ಬರೀತಿದೀನಿ. ಕಾಗೆಕಾಲು ಗುಬ್ಬಿಕಾಲು ಆಗ್ತಿದೆ.

ಬೆಳಿಗ್ಗೆ ಹಲ್ಲುಜ್ಜುವಾಗ ಕಂಡಿತು. ಮೂರೂ ತುದಿ. ಬೆಳಕಿಗೆ ಹಿಡಿದೆ, ಒತ್ತಿ ನೋಡಿದೆ, ಎಡಗೈ ಪಕ್ಕ ಇಟ್ಟೆ. ಈ ಸಲ ಭ್ರಮೆ ಅಲ್ಲ. ಎಡಗೈ ಎಡಗೈ ಥರ ಇದೆ. ಇದು ಬಿಸಿ ಬಾಣಲೆ ಮುಟ್ಟಿದ ಹಾಗೆ ಕೆಂಪು. ಒಳಗಿಂದ ಉರಿ.

ಇವಳಿಗೆ ಹೇಳಬೇಕು ಅಂತ ಅಡುಗೆಮನೆವರೆಗೂ ಹೋದೆ. ಹಾಡು ಗುನುಗ್ತಾ ಇದ್ದಳು. ಹಾಗೇ ವಾಪಸ್ ಬಂದೆ. ಮಾರ್ಕೆಟಿಗೆ ಹೋಗಿ ಬರ್ತೀನಿ, ಮಗು ನೋಡ್ಕೊಳ್ಳಿ ಅಂತ ಹೋದಳು. ಬಂದ ಮೇಲೆ ಹೇಳ್ತೀನಿ. ಡಾಕ್ಟರಿಗೂ ಆಮೇಲೇ ಫೋನ್.

ಭಯ ಆಗ್ತಿದೆ. ಇಲ್ಲಿ ಯಾರ ಮುಂದೆ ನಾಚಿಕೆ — ತುಂಬ ಭಯ ಆಗ್ತಿದೆ. ಕತ್ತಲ ನೀರಲ್ಲಿ ಪೈಪು ಸಿಕ್ಕಿಹಾಕ್ಕೊಂಡಾಗಲೂ ಹೀಗಾಗಿರಲಿಲ್ಲ.

ಇಲಿಮರಿ ನಿದ್ದೆಗಣ್ಣಲ್ಲಿ ಬಂದು ಪಕ್ಕ ಮಲಗಿದಳು. ಎಡಗೈ ಕೊಟ್ಟೆ. "ಇದು ಬೇಡ. ಆ ಕೈ." ಬೇಡ ಮರಿ ಅಂದೆ. ತುಟಿ ಮುಂದೆ ಬಂತು. ಎರಡು ವಾರದಿಂದ ತಡ್ಕೊಂಡಿದ್ದ ಅಳು ಅಷ್ಟೂ ಅಲ್ಲಿತ್ತು. ಕೊಟ್ಟೆ. ಎರಡೂ ಕೈಲಿ ಹಿಡ್ಕೊಂಡು ಕೆನ್ನೆ ಕೆಳಗೆ ಇಟ್ಕೊಂಡು ಮಲಗಿಬಿಟ್ಟಳು. ಭಾರಕ್ಕೆ ಉರೀತಿದೆ. ಎಳ್ಕೊಂಡ್ರೆ ಏಳ್ತಾಳೆ.

ಬಾಗಿಲು ಸದ್ದಾಯ್ತು. ಇವಳು ಬಂದಳು. ಚೀಲ ಹಿಡ್ಕೊಂಡು ಹೊಸ್ತಿಲಲ್ಲೇ ನಿಂತಿದಾಳೆ, ಮಗೂನ ನೋಡ್ತಾ, ಮಗು ಕೆನ್ನೆ ಕೆಳಗಿರೋ ಕೈನ ನೋಡ್ತಾ. ಬೆರಳು ಅವಳಿಗೆ ಕಾಣ್ತಿಲ್ಲ. ನಗ್ತಿದಾಳೆ. ಕೊನೆಗೂ ಮಗೂಗೆ ಆ ಕೈ ಕೊಟ್ಟರಲ್ಲ ಅಂತ ಕಣ್ಣಲ್ಲಿ ನೀರು ತುಂಬ್ಕೊಂಡು ನಗ್ತಿದಾಳೆ. ಈಗ ನಾನು ಇವಳಿಗೆ ಹೇಗೆ ಹೇಳಲಿ...