ಐದೂವರೆಗೆ ಸಿದ್ಧವಾಗುವ ಕಾರು

ಮಾರ್ಚ್ ೯. ರಾತ್ರಿ ಹನ್ನೊಂದು. ಗಾಳಿ ಎದ್ದಿದೆ, ಶೆಡ್ಡಿನಲ್ಲಿ ಕಾರು ತಾನಾಗಿ ಚಾರ್ಜ್ ಆಗತೊಡಗಿದೆ.

ಗಾಳಿಯಂತ್ರಗಳಲ್ಲಿ ಮಿಕ್ಕ ಕರೆಂಟನ್ನು ಕಾರಿನ ಬ್ಯಾಟರಿಗೆ ತುಂಬಿಕೊಂಡು, ಗಾಳಿ ನಿಂತಾಗ ಊರಿಗೆ ವಾಪಸು ಕೊಡುವ ಈ ಏರ್ಪಾಡು ನನ್ನ ಗಂಡ ಮಾಡಿಸಿದ್ದು. ಅವರು ತೀರಿಕೊಂಡು ನಾಲ್ಕು ತಿಂಗಳು. ಇವತ್ತು ಕರೆಂಟ್ ಕಂಪನಿಯ ತಂತ್ರಜ್ಞ ಬಂದಿದ್ದ.

“ಅಕ್ಕಾ, ನಿಮ್ಮ ಕಾರು ಮಹಾ ಜಿಪುಣ. ಎಷ್ಟು ಕೇಳಿದ್ರೂ ಅರ್ಧ ಬ್ಯಾಟರಿ ಬಿಟ್ಟುಕೊಡೋದೇ ಇಲ್ಲ. ಬೆಳಿಗ್ಗೆ ಐದೂವರೆ ಪ್ರಯಾಣಕ್ಕೆ ಅಂತ ಇಟ್ಕೊಳ್ತದೆ. ಅಷ್ಟೊತ್ತಿಗೆ ಹೊರಡೋರು ಯಾರು?”

ಅದು ನನ್ನ ಗಂಡ ಮೊದಲ ಪಾಳಿಯ ಕೆಲಸಕ್ಕೆ ಹೊರಡಲು ಕಾರಿಗೆ ಹೇಳಿಟ್ಟ ಹೊತ್ತು. ನನಗೆ ಓಡಿಸಲು ಬಾರದು. “ನಮ್ಮನೆಯವರು” ಎಂದುಬಿಟ್ಟೆ.

“ಹಾಗಾದ್ರೆ ಮುಟ್ಟಲ್ಲಪ್ಪ, ಯಜಮಾನ್ರು ಬೈತಾರೆ,” ಎಂದು ನಕ್ಕು ಹೋದ.

ಐದೂವರೆಗೆ ಮುಂಚೆ ಕಾರು ದಿನವೂ ಅವರ ಸೀಟನ್ನು ಬಿಸಿ ಮಾಡಿಡುತ್ತದೆ. ನಾನು ಕತ್ತಲಲ್ಲೇ ಹೋಗಿ ಅದರ ಮೇಲೆ ಅಂಗೈ ಇಡುತ್ತೇನೆ. ಈಗಷ್ಟೇ ಯಾರೋ ಎದ್ದುಹೋದ ಹಾಗಿರುತ್ತದೆ. ಇಂದು ಬೆಳಿಗ್ಗೆ “ತಡವಾಯ್ತು, ಹೊರಡಿ” ಎಂದು ಬಾಯಿಬಿಟ್ಟೇ ಅಂದೆ. ಅಂದ ಮೇಲೆ ಹೆದರಿಕೆಯಾಯಿತು.

ಸಂಜೆ ತಂತ್ರಜ್ಞನಿಗೆ ಫೋನ್ ಮಾಡಿ ನಿಜ ಹೇಳಿದೆ. “ಆ ಟೈಮ್ ತೆಗೆದುಬಿಡ್ಲಾ ಅಕ್ಕಾ?” ಎಂದ. ಹೂಂ ಅಂದೆ.

ನಾಳೆ ಹತ್ತು ಗಂಟೆಗೆ ಬರುತ್ತಾನೆ. ಐದೂವರೆ ಅದಕ್ಕೂ ಮುಂಚೆ ಬರುತ್ತದೆ.